ನೀಲಿ ಬಣ್ಣದ ಚೈನಾ ಹಕ್ಕಿ

ಚಳ್ಳಕೆರೆ
೧೭ ನವೆಂಬರ್ ೨೦೨೪, ಭಾನುವಾರ

ತಂಗಿ ಪುಷ್ಪಲತಾಳಿಗೆ ಅಕ್ಕ ನಿರ್ಮಲಾಳ ಆಶೀರ್ವಾದ.

ಆರೋಗ್ಯವಾಗಿದ್ದೀಯಾ? ಗೋವರ್ಧನನಿಗೆ ಬೆನ್ನುನೋವು ಎಂದು ಕೇಳಿದೆ, ಈಗ ಹೇಗಿದೆ? ಜ್ಯೋತಿಲಕ್ಷ್ಮಿ ಈ ವರ್ಷ ಹತ್ತನೇ ತರಗತಿಯಂತೆ. ಗಣಿತವನ್ನು ಗೈಡು ನೋಡಿ ಉರು ಹೊಡೆಯಬೇಡ ಎಂದು ಹೇಳು, ಅದರಿಂದ ಉದ್ಧಾರವಾದವರನ್ನು ನಾನು ಮೂವತ್ತು ವರ್ಷದಲ್ಲಿ ಕಂಡಿಲ್ಲ. ಒಂಬತ್ತು ವರ್ಷ ಮಾತಾಡದವಳು ಇದ್ದಕ್ಕಿದ್ದಂತೆ ಕ್ಷೇಮ ವಿಚಾರಿಸಿದರೆ ನಿನಗೆ ನಗು ಬರಬಹುದು. ನಕ್ಕುಬಿಡು. ದೇವಸಮುದ್ರದ ಪಾತಣ್ಣ ಮಾವ ಕುರಿಮಂದೆ ಹೊಡೆದುಕೊಂಡು ಹರಿಹರದ ಗದ್ದೆಗಳ ಕಡೆ ಬಂದಾಗ ನಿಮ್ಮ ಮನೆಯಲ್ಲಿ ಉಂಡನಂತೆ. ವಿಳಾಸ ಕೊಟ್ಟವನು ಅವನೇ. ಫೋನ್ ನಂಬರನ್ನೂ ಕೊಡಲು ಬಂದ, ಬೇಡ ಎಂದೆ. ಫೋನಿನಲ್ಲಿ ನೀನು ಯಾರು ಎಂದು ಕೇಳಿದರೆ ನಾನು ಏನು ಹೇಳಲಿ? ಕಾಗದದಲ್ಲಾದರೆ ಮಧ್ಯೆ ಬಾಯಿ ಹಾಕುವವರಿಲ್ಲ. ಹೆಡ್‌ಮೇಡಂ ಆಗಿ ರಿಟೈರಾದವಳಿಗೆ ಈಗ ಉಳಿದಿರುವುದು ಅದೊಂದೇ ಸುಖ.

ಮೊದಲು ಅವ್ವನ ಸುದ್ದಿ. ಯುಗಾದಿ ಕಳೆದ ಮೇಲೆ ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ದಾವಣಗೆರೆಗೆ ಒಯ್ದು ಆಪರೇಷನ್ ಮಾಡಿಸಿದೆವು, ರಾಡು ಹಾಕಿದರು. ಮೂಳೆ ಕೂಡಿತು, ಆದರೆ ಅವ್ವ ಏಳಲಿಲ್ಲ. ಮುಂದಿನ ರೂಮಿನಲ್ಲಿ ಕಿಟಕಿಯ ಪಕ್ಕ ಮಂಚ ಹಾಕಿಸಿದ್ದೇನೆ. ಕಾವಲಿನಲ್ಲಿ ನಿಂತು ಕುರಿಗಳಿಗೆ ಕೂಗು ಹಾಕಿದರೆ ಮೂರು ಊರಿಗೆ ಕೇಳಿಸುತ್ತಿದ್ದ ಯರ್ರಮ್ಮ ಈಗ ದಿನಕ್ಕೆ ನಾಲ್ಕು ತುತ್ತು ಅನ್ನ, ನಾಲ್ಕು ಮಾತು, ಅಷ್ಟೇ. ಆ ನಾಲ್ಕರಲ್ಲಿ ಒಂದು ನಿನ್ನದು. "ಸಣ್ಣೋಳು ಬಂದ್ಲಾ?" ಎಂದು ಕೇಳುತ್ತಾಳೆ. ವಯಸ್ಸಾದವರಿಗೆ ತಾವೇ ಆಡಿದ ಮಾತು ಮರೆತುಹೋಗುತ್ತದೆ, ನೋಡು. ನಮ್ಮ ಗೃಹಪ್ರವೇಶದ ದಿನ ಗೇಟಿನಲ್ಲಿ ನಿನಗೆ ನಾನು ಹೇಳಿದ್ದು ನೀನಂತೂ ಮರೆತಿರಲಾರೆ. ಗೋವರ್ಧನ ಕೆಲಸಕ್ಕಿದ್ದ ಎಣ್ಣೆ ಗಿರಣಿ ಮುಚ್ಚಿ, ಅವನು ಕೋಳಿ ಫಾರಂನಲ್ಲಿ ಸೂಪರ್‌ವೈಸರ್ ಆಗಿ, ಕೋಳಿ ಸಾಕದ ಕುಲದ ನೀವು ಶೆಡ್ಡಿನ ಪಕ್ಕದ ಕ್ವಾರ್ಟರ್ಸಿಗೆ ಹೋಗಿ ಆಗ ಆರು ತಿಂಗಳೂ ಆಗಿರಲಿಲ್ಲ. "ಕೋಳಿ ಮನೆ ನೀರು ಕುಡ್ದೋಳು ಹೊಸಲು ದಾಟೋದು ಬ್ಯಾಡ ಅಂತ ಅವ್ವ ಹೇಳ್ಯಾಳೆ" ಎಂದೆ. ನೀನು ತಂದಿದ್ದ ಕುಬುಸದ ಕಣವನ್ನು ಗೇಟಿನ ಕಂಬದ ಮೇಲಿಟ್ಟು ಮಗಳ ಕೈ ಹಿಡಿದು ಹೊರಟುಹೋದೆ.

ಅದಿರಲಿ. ನಾನು ಈ ಕಾಗದ ಬರೆಯಲು ಕೂತಿರುವುದು ಒಂದು ಹಕ್ಕಿಯ ದೆಸೆಯಿಂದ. ಶ್ರಾವಣದಲ್ಲಿ ಅವ್ವನನ್ನು ನೋಡಲು ಮನೆಗೇ ಬಂದಿದ್ದ ಡಾಕ್ಟರು ಮಾತ್ರೆ ಬರೆಯುವುದು ಬಿಟ್ಟು ಉಪದೇಶ ಮಾಡಿದರು. ಅಜ್ಜಿ ಜೀವಮಾನವೆಲ್ಲ ಬಯಲಲ್ಲಿದ್ದವರು, ಗೋಡೆ ನೋಡಿಕೊಂಡು ಮಲಗಿದರೆ ಮನಸ್ಸು ಸಾಯುತ್ತದೆ, ಪಕ್ಕದಲ್ಲಿ ಏನಾದರೂ ಜೀವ ಇರಬೇಕು, ಒಂದು ಸಣ್ಣ ಹಕ್ಕಿ ತಂದಿಡಿ ಎಂದರು. ನಾವಿಬ್ಬರು ಅವರ ಕಣ್ಣಿಗೆ ಜೀವವಿಲ್ಲದ ಕಂಬಗಳ ಹಾಗೆ ಕಂಡೆವೋ ಏನೋ. ನಿಮ್ಮ ಭಾವನಿಗೆ ಅಷ್ಟು ಸಾಕಾಯಿತು. ಬಸ್ ಡಿಪೋದಿಂದ ರಿಟೈರಾದಾಗಿನಿಂದ ಆ ಮನುಷ್ಯನಿಗೆ ಫೋನೇ ಡಿಪೋ. ಮನೆಯೊಳಗೆ ಸಾಕಲು ಯೋಗ್ಯವಾದ ಹಕ್ಕಿ ಯಾವುದು ಎಂದು ಎರಡು ದಿನ ವಿಡಿಯೋ ನೋಡಿದರು. ಮೂರನೇ ದಿನ ಊಟಕ್ಕೆ ಕೂತಾಗ ನನಗೆ ಪಾಠ. ಪಂಜರಕ್ಕೆ ನೇರ ಗಾಳಿ ಬೀಸಬಾರದಂತೆ, ಟಿವಿ ಸದ್ದು ಜಾಸ್ತಿ ಇರಬಾರದಂತೆ, ಒಗ್ಗರಣೆ ಹೊಗೆ ಸೋಕಬಾರದಂತೆ. ಒಗ್ಗರಣೆ ಹೊಗೆ ಸೋಕದ ಮನೆ ಈ ಎಣ್ಣೆ ಊರಿನಲ್ಲಿ ಎಲ್ಲಿದೆ ತೋರಿಸಿ, ಹಕ್ಕಿಯನ್ನು ಅಲ್ಲೇ ಇಟ್ಟು ಬರೋಣ ಎಂದೆ. ನೋಡಿದರೆ, ಹಕ್ಕಿ ತರುವ ಮೊದಲೇ ಪಂಜರ ತಂದು ಬಾಗಿಲ ಹಿಂದೆ ಬಚ್ಚಿಟ್ಟಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಜಾತಿ.

ಪಾವಗಡ ರಸ್ತೆಯಲ್ಲಿ ಮೀನು, ಹಕ್ಕಿ ಮಾರುವ ಒಂದು ಅಂಗಡಿ ಆಗಿದೆ. ಸಂತೆಯ ದಿನ ಅಲ್ಲಿಗೆ ಹೋದೆವು. ಒಳಗೆ ಕಾಲಿಟ್ಟರೆ ತಲೆ ಚಿಟ್ಟು ಹಿಡಿಯುವಷ್ಟು ಗದ್ದಲ. ಲವ್ ಬರ್ಡ್ಸ್ ಎಂದು ಹಸಿರು, ಹಳದಿ ಬಣ್ಣದವನ್ನು ತೋರಿಸಿದ. ಜೋಡಿ ಜೋಡಿಯಾಗಿ ಕೂತು ಒಂದರ ತಲೆ ಒಂದು ಕೆರೆಯುತ್ತ, ಮರುಕ್ಷಣ ಕಚ್ಚಾಡುತ್ತ, ಬಾಯಿಗೆ ಮಾತ್ರ ಬಿಡುವಿಲ್ಲ. ಇಂಥ ಪ್ರೀತಿಯನ್ನು ಮದುವೆ ಮನೆಗಳಲ್ಲಿ ಬೇಕಾದಷ್ಟು ನೋಡಿದ್ದೇನೆ, ಮನೆಗೆ ತರಬೇಕಿಲ್ಲ ಎಂದೆ. ಫಿಂಚ್ ಎಂದು ಇನ್ನೊಂದು. ಹೆಬ್ಬೆರಳಿನಷ್ಟಿಲ್ಲ, ಅದಕ್ಕೊಂದು ಹೆಸರು, ಅದಕ್ಕೊಂದು ಆಹಾರ ಪದ್ಧತಿ. ಅವ್ವನ ಕಣ್ಣಿಗೆ ಅದು ನೊಣವೋ ಹಕ್ಕಿಯೋ ತಿಳಿಯಬೇಕಲ್ಲ. ಕಾಕಟೀಲ್ ಎಂಬುದು ನಿಮ್ಮ ಭಾವನಿಗೆ ಬಹಳ ಹಿಡಿಸಿತು. ತಲೆಯ ಮೇಲೆ ಜುಟ್ಟು ನಿಲ್ಲಿಸಿಕೊಂಡು, ಕೆನ್ನೆಗೆ ಕೆಂಪು ಬಳಿದುಕೊಂಡು, ಬೀಗರ ಮನೆಗೆ ಹೊರಟವರ ಹಾಗೆ ಸೆಟೆದು ಕೂತಿತ್ತು. ಕಲಿಸಿದರೆ ಸಿಳ್ಳೆ ಹಾಕುತ್ತದೆ ಮೇಡಂ ಎಂದ ಅಂಗಡಿಯವನು. ಸಿಳ್ಳೆ ಹಾಕುವ ಹುಡುಗರನ್ನು ಕಿವಿ ಹಿಂಡಿ ಬಿಡಿಸಿದವಳು ನಾನು, ಈಗ ಕೈಯಾರೆ ತಂದು ಸಾಕಲೇ? ಗಿಳಿ ಇಲ್ಲವೇ ಎಂದು ಇವರು ಮೆಲ್ಲಗೆ ಕೇಳಿದರು. ಗಿಳಿ ಸಾಕಿದರೆ ಅರಣ್ಯ ಇಲಾಖೆಯವರು ಹಿಡಿಯುತ್ತಾರೆ ಸಾರ್ ಎಂದು ಅವನು ಕೈ ಮುಗಿದ. ವಿಡಿಯೋದಲ್ಲಿ ಅದೊಂದನ್ನು ಮಾತ್ರ ಹೇಳಿರಲಿಲ್ಲವೇನೋ.

ಹೊರಗೆ ಬಂದರೆ ಅಂಗಡಿಯ ಎದುರಿಗೇ ಒಬ್ಬ ಸೈಕಲ್ಲಿನ ಹಿಂದೆ ದೊಡ್ಡ ಪುಟ್ಟಿ ಕಟ್ಟಿಕೊಂಡು ನಿಂತಿದ್ದ. ಪುಟ್ಟಿಯ ತುಂಬ ಬಣ್ಣ ಬಣ್ಣದ ಮರಿಗಳು. ಗುಲಾಬಿ, ಹಸಿರು, ನೇರಳೆ. ಚೈನಾ ಹಕ್ಕಿ, ಏಕ್‌ದಮ್ ಛೋಟಾ, ಇನ್ನು ಬೆಳೆಯೋದಿಲ್ಲ, ಪಂಜರವೂ ಬೇಡ ಎಂದ. ಒಂದು ನೀಲಿ ಮರಿ ನನ್ನ ಕೈ ಮೇಲೆ ಹತ್ತಿ ಕೂತು ಕಣ್ಣು ಮುಚ್ಚಿತು. ಗದ್ದಲವಿಲ್ಲ, ವಯ್ಯಾರವಿಲ್ಲ, ಹಿಡಿಯಷ್ಟು ಬೆಚ್ಚಗಿನ ಜೀವ. ನಿಮ್ಮ ಭಾವ ಅನುಮಾನದಿಂದ ನೋಡಿ, ಇದು ಯಾವ ಜಾತಿಯದೋ ಫೋನಿನಲ್ಲಿ ಒಮ್ಮೆ ನೋಡೋಣ ತಡಿ ಎಂದರು. ಫೋನು ಜೇಬಿನಲ್ಲಿಡಿ, ಒಳ್ಳೆಯದು ಯಾವುದು ಕೆಟ್ಟದ್ದು ಯಾವುದು ಎಂದು ನನಗೆ ಕಣ್ಣಿಂದಲೇ ತಿಳಿಯುತ್ತದೆ ಎಂದೆ. ಆರಿಸಿದವಳು ನಾನೇ ಪುಷ್ಪಾ. ಬೇರೆಯವರ ಮೇಲೆ ಹಾಕೋಣವೆಂದರೆ ಸಾಕ್ಷಿಗೆ ನಿಮ್ಮ ಭಾವ ಇದ್ದಾರೆ, ಆ ಒಂದು ಮಾತನ್ನು ಅವರು ಸಾಯುವವರೆಗೂ ಮರೆಯುವುದಿಲ್ಲ.

ತಂದು ಅವ್ವನ ಕಂಬಳಿಯ ಮೇಲೆ ಬಿಟ್ಟೆ. ಅವ್ವ ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಮರಿ ಅವಳ ಬೊಗಸೆಯೊಳಗೆ ಹೋಗಿ ಕೂತಿತು. ಮರುದಿನ ನವಣೆ ಬೇಕು ಎಂದಳು. ಐದು ತಿಂಗಳಲ್ಲಿ ಬೇಕು ಎಂದು ಕೇಳಿದ್ದು ಅದೇ ಮೊದಲು. ಅಂಗೈಯಲ್ಲಿ ನವಣೆ ಹರವಿ ತಿನ್ನಿಸಿದಳು, ತಾನೂ ಎರಡು ಮುದ್ದೆ ತಿಂದಳು. ಮರಿ ಮಂಚದ ಅಂಚಿಗೆ ಹೋದರೆ "ಯಾಡಿಕಿ ಪೋತಾವೇ, ಕೂಚೋ" ಎಂದು ಗದರುತ್ತಿದ್ದಳು. ನಮ್ಮಿಬ್ಬರನ್ನೂ ಎಲ್ಲಿಗೆ ಹೋಗ್ತೀಯೇ, ಕೂತ್ಕೋ ಎಂದು ತೆಲುಗಿನಲ್ಲಿ ಗದರುತ್ತಿದ್ದಳಲ್ಲ, ಅದೇ ದನಿ. ಹದಿನೈದು ದಿನಕ್ಕೆ ದಿಂಬಿಗೆ ಒರಗಿ ಕೂತಳು. ಡಾಕ್ಟರು ನೋಡಿ ತಮ್ಮ ಬೆನ್ನು ತಾವೇ ತಟ್ಟಿಕೊಂಡರು. ನಾನಂತೂ ಒಲೆಯ ಮುಂದೆ ನಿಂತು ಅತ್ತೆ. ಸಿಟ್ಟಿನಿಂದಲೇ ಅತ್ತೆ ಎಂದಿಟ್ಟುಕೋ, ಹೆತ್ತ ಮಗಳು ಉಪಚಾರ ಮಾಡಿದರೆ ಬಾರದ ಹಸಿವು ಒಂದು ಮರಿಯಿಂದ ಬಂತಲ್ಲ ಎಂದು.

ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ. ಮೂರನೇ ವಾರಕ್ಕೆ ನೀಲಿ ಬಣ್ಣ ಉದುರತೊಡಗಿತು. ಒಳಗಿಂದ ಬಿಳಿ ಪುಕ್ಕ ಬಂತು. ಬೋರ್‌ವೆಲ್ ನೀರಿನ ಗುಣ ಎಂದೆ. ಕಾಲು ಉದ್ದವಾಯಿತು. ನವಣೆಯ ಸತ್ವ ಎಂದೆ. ತಲೆಯ ಮೇಲೆ ಕೆಂಪಗೆ ಏನೋ ಮೂಡಿತು. ನಿಮ್ಮ ಭಾವ ಖುಷಿಯಾಗಿ, ನೋಡಿದೆಯಾ, ಕಾಕಟೀಲಿಗೂ ಹೀಗೇ ಜುಟ್ಟು ಬರುತ್ತದೆ, ಇದು ಅದರದೇ ಬಳಗ ಎಂದರು. ನಾನು ಹೌದೆಂದೆ. ಪಂಜರ ಸಾಲದೆ ಅದು ಪಡಸಾಲೆ ತುಂಬ ಓಡಾಡಿತು, ಸೋಫಾದ ಮೇಲೆ ಹೇತಿತು, ಮೊರದಲ್ಲಿದ್ದ ಕಡಲೆಬೀಜಕ್ಕೆ ಬಾಯಿ ಹಾಕಿತು. ನೀನಾಗಿದ್ದರೆ ಮೊದಲ ದಿನ ಕೊಕ್ಕು ನೋಡಿಯೇ ಹೇಳುತ್ತಿದ್ದೆ. ಈ ಊರಿನ ಯಾವ ಮನೆಯವರಾದರೂ ಹೇಳುತ್ತಿದ್ದರು. ಏಳು ತಲೆಮಾರಿನಿಂದ ಅಂಗಳಕ್ಕೆ ಕೋಳಿ ಬಿಡದ ವಂಶದಲ್ಲಿ ಹುಟ್ಟಿ, ಕೋಳಿ ಕಂಡರೆ ಮುಖ ತಿರುಗಿಸಿಕೊಂಡು ಬೆಳೆದವಳಿಗೆ ಮರಿಯ ಗುರುತು ಎಲ್ಲಿಂದ ಸಿಗಬೇಕು? ಒಂದನೇ ತರಗತಿ ಪುಸ್ತಕದಲ್ಲಿ ಕೋಳಿಮರಿ ಹಳದಿ ಬಣ್ಣಕ್ಕಿತ್ತು. ನೀಲಿ ಇದ್ದದ್ದನ್ನು ನಾನು ಕಂಡಿರಲಿಲ್ಲ.

ಹೋದ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಪಕ್ಕದ ಮನೆಯ ದ್ರಾಕ್ಷಾಯಣಮ್ಮ ಬಂದಿದ್ದಳು. ಅವಳು ಸುಮ್ಮನೆ ಬರುವವಳಲ್ಲ, ನಮ್ಮ ಮನೆಯ ಸುದ್ದಿ ಒಯ್ಯಲು ಬರುವವಳು. ಅವಳ ಮುಂದೆ ನಾನು ಹಿಂದೆ ಎಷ್ಟೋ ಸಲ ಕೊಚ್ಚಿಕೊಂಡಿದ್ದೇನೆ. ನಾವು ಮ್ಯಾಸನಾಯಕರು, ಕೋಳಿ ತಿನ್ನುವುದಿಲ್ಲ, ಸಾಕುವುದಿಲ್ಲ, ಹಟ್ಟಿಯ ಬೇಲಿಯೊಳಗೆ ಬಿಡುವುದಿಲ್ಲ, ಅದು ನಮ್ಮ ಕಟ್ಟು, ನಮ್ಮಪ್ಪ ದೊಡ್ಡಪಾಲಯ್ಯ ಕೋಳಿ ಕೂಗು ಕೇಳಿಸುವ ಊರಲ್ಲಿ ನೀರು ಸಹ ಕುಡಿದವನಲ್ಲ ಎಂದೆಲ್ಲ. ನಿಮ್ಮ ಭಾವ ಬಸ್ ಸ್ಟ್ಯಾಂಡ್ ಬೇಕರಿಯಲ್ಲಿ ಮೊಟ್ಟೆ ಪಫ್ಸ್ ತಿನ್ನುವುದು ನನಗೆ ಗೊತ್ತು, ಅದನ್ನು ಮಾತ್ರ ಅವಳಿಗೆ ಹೇಳಿರಲಿಲ್ಲ. ಅವಳು ಚಹಾದ ಲೋಟ ಬಾಯಿಗಿಟ್ಟಳು. ಅಷ್ಟರಲ್ಲಿ ನಮ್ಮ ಚೈನಾ ಹಕ್ಕಿ ಅವ್ವನ ಮಂಚದ ತಲೆದೆಸೆ ಹತ್ತಿ, ಕತ್ತು ಚಾಚಿ, ರೆಕ್ಕೆ ಬಡಿದು, ಬೀದಿಯ ಕೊನೆಗೆ ಕೇಳುವ ಹಾಗೆ ಕೂಗಿತು. ದ್ರಾಕ್ಷಾಯಣಮ್ಮನ ಚಹಾ ಮೂಗಿಗೆ ಹತ್ತಿತು. "ಹುಂಜ ಸಾಕೀರಲ್ರೀ ಮೇಡಂ, ಯಾವಾಗಿಂದ?" ಎಂದು ಕೇಳಿ, ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡು ಎದ್ದುಹೋದಳು. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು. ಊರಿಗೆಲ್ಲ ಶಕುನ ಹೇಳೋ ಹಲ್ಲಿ ಬಚ್ಚಲಲ್ಲಿ ಬಿತ್ತು ಎಂದು ಎಷ್ಟು ಮನೆಯಲ್ಲಿ ಅಂದುಕೊಂಡರೋ. ಅನ್ನಲಿ, ನಾನು ಅವರ ಜಾಗದಲ್ಲಿದ್ದರೆ ಇನ್ನೂ ಜೋರಾಗಿ ಅನ್ನುತ್ತಿದ್ದೆ.

ಅವಳು ಹೋದ ಕೂಡಲೇ ಇದನ್ನು ಎಲ್ಲಾದರೂ ಬಿಟ್ಟುಬನ್ನಿ ಎಂದು ನಿಮ್ಮ ಭಾವನಿಗೆ ಹೇಳಿದೆ. ಚೀಲ ಹಿಡಿದು ಬಂದರು. ಅವ್ವ ಅದನ್ನು ಕಂಬಳಿಯೊಳಗೆ ಎಳೆದುಕೊಂಡಳು. ಎಂಬತ್ತೆರಡು ವರ್ಷದ ಕೈಗಳಲ್ಲಿ ಅಷ್ಟು ಬಲ ಇದೆಯೆಂದು ನನಗೆ ತಿಳಿದಿರಲಿಲ್ಲ. ಅವ್ವಾ, ಅದು ಕೋಳಿ, ಬಿಡು ಎಂದೆ. "ನೀನು ತಂದ ದಿನಾನೇ ಗೊತ್ತೈತೆ ಕಣೇ. ನಾನೇನು ನಿನ್ನಂಗೆ ಇಸ್ಕೂಲಿಗೆ ಹೋದೋಳಾ, ಮರಿ ಗುರುತು ಸಿಗದೇ ಇರಾಕೆ?" ಎಂದಳು. ನನಗೆ ಮೈ ಉರಿಯಿತು. ಗೊತ್ತಿದ್ದೂ ಮೂರು ತಿಂಗಳು ನನ್ನ ಮನೆಯಲ್ಲಿ, ನನ್ನ ಮಂಚದ ಮೇಲೆ ಕೋಳಿ ಸಾಕಿದೆಯಲ್ಲ, ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವ್ವ ಗೋಡೆಯ ಕಡೆ ತಿರುಗಿ ಮಲಗಿದಳು. ಆವತ್ತಿನಿಂದ ಊಟ ಮತ್ತೆ ನಾಲ್ಕು ತುತ್ತಿಗೆ ಇಳಿದಿದೆ. ಹುಂಜ ಇನ್ನೂ ಅಲ್ಲೇ ಇದೆ, ದಿನಾ ಬೆಳಿಗ್ಗೆ ಕೂಗುತ್ತದೆ, ನಾನು ಬೀದಿಗೆ ಮುಖ ತೋರಿಸದೆ ಹಿಂಬಾಗಿಲಿಂದ ಓಡಾಡುತ್ತಿದ್ದೇನೆ. ಡಾಕ್ಟರನ್ನು ನಿನ್ನೆ ಕರೆಸಿದ್ದೆ. ಇನ್ನು ಇವರಿಗೆ ಔಷಧಿಗಿಂತ ಅವರಿಗೆ ಏನು ಬೇಕೋ ಅದನ್ನು ಕೊಡಿ ಎಂದರು. ಈ ಸಲ ಅವರು ಉಪದೇಶ ಮಾಡುತ್ತಿಲ್ಲ ಎಂದು ಅವರ ದನಿಯಲ್ಲೇ ತಿಳಿಯಿತು.

ಆದ್ದರಿಂದ ವಿಷಯ ಇಷ್ಟು. ಕೋಳಿಯ ಗುಣ, ಆಹಾರ, ಕಾಯಿಲೆ ನಮ್ಮ ಬಳಗದಲ್ಲಿ ಗೊತ್ತಿರುವವಳು ನೀನೊಬ್ಬಳೇ. ಈ ಹುಂಜವನ್ನು ಕಂಡಕಂಡವರಿಗೆ ಕೊಟ್ಟರೆ ಭಾನುವಾರ ಸಾರು ಮಾಡುತ್ತಾರೆ, ಅವ್ವನಿಗೆ ಅದು ತಿಳಿಯದೆ ಇರುವುದಿಲ್ಲ. ನೀನೇ ಬಂದು ಒಯ್ಯುವುದು ಒಳ್ಳೆಯದು. ಬಂದವಳು ಹೊರಗಿನಿಂದ ಹೊರಗೇ ಹೋಗಬೇಕೆಂದೇನೂ ಇಲ್ಲ. ಒಳಗೆ ಕೋಳಿಯೇ ಇರುವಾಗ ಇನ್ನು ಯಾರಿಗೆ ಯಾವ ಅಡ್ಡಿ? ಹರಿಹರದಿಂದ ಬೆಳಿಗ್ಗೆ ಹೊರಟು ದಾವಣಗೆರೆ, ಚಿತ್ರದುರ್ಗದಲ್ಲಿ ಬಸ್ ಬದಲಿಸಿದರೆ ಮಧ್ಯಾಹ್ನದ ಊಟಕ್ಕೆ ಇಲ್ಲಿರುತ್ತೀಯ. ಗೋವರ್ಧನನಿಗೆ ರಜೆ ಸಿಗದಿದ್ದರೆ ನೀನೊಬ್ಬಳೇ ಬಂದರೂ ಆಯಿತು, ಮಗಳನ್ನು ಕರೆದುಕೊಂಡು ಬಂದರಂತೂ ಸಂತೋಷ. ನಿಮ್ಮ ಭಾವ ತಾವೂ ಕ್ಷೇಮ ಕೇಳಿದ್ದಾಗಿ ಬರೆಯಲು ಹೇಳಿದ್ದಾರೆ. ಅವರು ಹುಂಜಕ್ಕೆ ಗಂಟಲು ನೋವಿನ ಔಷಧಿ ಯಾವುದೆಂದು ವಿಡಿಯೋ ನೋಡುತ್ತಿದ್ದಾರೆ, ಅದು ಕೂಗುವುದು ರೋಗವೆಂದು ತಿಳಿದಿದ್ದಾರೆ.

ಜ್ಯೋತಿಲಕ್ಷ್ಮಿಗೆ ನನ್ನ ಮುತ್ತು. ಗೋವರ್ಧನನಿಗೆ ಆಶೀರ್ವಾದ. ನೀವು ಮೂರೂ ಜನ ಹೊಟ್ಟೆ ತಂಪಾಗಿ ಬಾಳಿರಿ.

ನಿನ್ನ ಅಕ್ಕ,
ನಿರ್ಮಲಾ

ತಾ.ಕ.: ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ಬಿಚ್ಚಿದೆ. ಅವ್ವ ಗೋಡೆಯ ಕಡೆ ತಿರುಗಿದಳು ಎಂದು ಮೇಲೆ ಬರೆದದ್ದು ಸುಳ್ಳು. ತಿರುಗಲಿಲ್ಲ, ನನ್ನ ಮುಖವನ್ನೇ ನೋಡಿ ಹೇಳಿದಳು. "ಕೋಳಿ ಒಳಗ್ ಬಂದ್ರೆ ನಿನ್ನ ಕಟ್ಟು ಮುರೀತೈತೆ. ಆಮ್ಯಾಲೆ ಸಣ್ಣೋಳ್ನ ಬ್ಯಾಡ ಅನ್ನಾಕೆ ನಿನಗೆ ಬಾಯಿ ಇರಲ್ಲ ಅಂತ ಸುಮ್ಕಿದ್ದೆ." ನಿನ್ನ ಕಟ್ಟು ಎಂದಳು ಪುಷ್ಪಾ, ನಮ್ಮ ಕಟ್ಟು ಎನ್ನಲಿಲ್ಲ. ಗೃಹಪ್ರವೇಶದ ದಿನ ಅವ್ವ ನಿನ್ನನ್ನು ಬೇಡ ಎಂದಿರಲೇ ಇಲ್ಲ. ಒಳಗೆ ನಿನಗೂ ಮಗಳಿಗೂ ಎಂದು ಹೋಳಿಗೆ ಎತ್ತಿಡುತ್ತಿದ್ದಳು. ಹಟ್ಟಿಯ ಹಿರಿಯರು ಪಡಸಾಲೆಯಲ್ಲಿ ಕೂತಿದ್ದರು, ಹೆಡ್‌ಮೇಡಂ ಮನೆಗೆ ಕೋಳಿ ಫಾರಂನವಳು ಬಂದಳು ಎನ್ನುತ್ತಾರೆಂದು ನಾನೇ ನಿನ್ನನ್ನು ತಡೆದೆ. ನನ್ನ ಮಾತೆಂದರೆ ನೀನು ಜಗಳವಾಡುತ್ತೀಯ, ಅವ್ವನ ಮಾತೆಂದರೆ ಎದುರಾಡುವುದಿಲ್ಲ ಎಂದು ಗೊತ್ತಿದ್ದೇ ಅವಳ ಹೆಸರು ಹೇಳಿದೆ. ಒಳಗೆ ಹೋಗಿ ಅವ್ವನಿಗೆ, ಪುಷ್ಪಾ ಬರಲ್ಲ ಅಂದಳು, ಅವಳಿಗೆ ಸೊಕ್ಕು ಎಂದೆ. ಅವಳು ಅದನ್ನು ನಂಬಿರಲಿಲ್ಲ. ನಾನೇ ತಡೆದಿದ್ದೇನೆ ಎಂದು ತಿಳಿದೂ ಒಂಬತ್ತು ವರ್ಷ ನನ್ನ ಕೈಯ ಅನ್ನ ಉಂಡುಕೊಂಡು ಬಾಯಿ ಮುಚ್ಚಿಕೊಂಡಿದ್ದಾಳೆ. ಆದರೆ ಅವಳ ಹೆಸರಿನಲ್ಲಿ ನಿನಗೆ ಹೇಳಿದೆ ಎಂಬುದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಒಂಬತ್ತು ವರ್ಷ ನೀನು ಸಿಟ್ಟಾಗಿದ್ದದ್ದು ಅವ್ವನ ಮೇಲೆ ಎಂದು ಅವಳಿಗೆ ಹೇಳುವ ಧೈರ್ಯ ನನಗಿಲ್ಲ. ಹೊತ್ತು ಬಹಳ ಇಲ್ಲ, ಬೇಗ ಬಾ. ಅವ್ವನಿಗೆ ನೀನೇ ಹೇಳು, ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳು.